ನಗೆಯ ಹಗೆ: ಒಂದು ಚೆಕ್ ಚಲಚ್ಚಿತ್ರದ ರಸವಿಚಾರ

ರಸವಿರೋಧದ ಪ್ರಕರಣ ಅಲಂಕಾರಶಾಸ್ತ್ರವನ್ನು ಪಾಠ ಹೇಳುವವರಿಗೂ ಕೇಳುವವರಿಗೂ ಪರಿಚಿತವಾದುದೇ. ಯಾವ ರಸ ಯಾವುದರೊಡನೆ ಕೂಡಿ ಬಾಳಬಲ್ಲುದು, ಯಾವುದು ಯಾವುದರ ನೆರಳನ್ನೂ ಸಹಿಸಲಾರದು ಎಂಬುದನ್ನು ನಮ್ಮ ಲಾಕ್ಷಣಿಕರು ಒಂದೊಂದಾಗಿ ಎಣಿಸಿ ಹೇಳಿಟ್ಟಿದ್ದಾರೆ. 14ನೆಯ ಶತಮಾನದ ವಿಶ್ವನಾಥ ತನ್ನ ‘ಸಾಹಿತ್ಯದರ್ಪಣ’ದಲ್ಲಿ ಹಾಸ್ಯಕ್ಕೆ ಎರಡು ಹಗೆಗಳನ್ನು ಹೆಸರಿಸುತ್ತಾನೆ, ಒಂದು ಕರುಣ, ಇನ್ನೊಂದು ಭಯಾನಕ. ಪರೀಕ್ಷೆಗೆ ಕುಳಿತ ವಿದ್ಯಾರ್ಥಿಗೆ ಇಷ್ಟು ಸಾಕು. ಆದರೆ ನಗುವೂ ಭೀತಿಯೂ ಒಂದೇ ಎದೆಯಲ್ಲಿ ಒಂದೇ ಗಳಿಗೆಯಲ್ಲಿ ಹುಟ್ಟಲಾರವೆ, ಹುಟ್ಟಿದರೆ ಒಂದು ಇನ್ನೊಂದನ್ನು ಕೊಂದೇ ತೀರಬೇಕೆ ಎಂಬ ಪ್ರಶ್ನೆ ಪರೀಕ್ಷೆಯೊಡನೆ ಮುಗಿಯುವಂಥದಲ್ಲ. ಅದನ್ನು ನನ್ನ ಮಟ್ಟಿಗೆ ಮತ್ತೆ ಕೆದಕಿದುದು ಒಂದು ಪರದೇಶದ ಚಲಚ್ಚಿತ್ರ: ಚೆಕ್ ದೇಶದ ಯಾನ್ ಶ್ವಾಂಕ್‌ಮಾಯರ್ 2005ರಲ್ಲಿ ತೆಗೆದ ‘ಶೀಲೆನೀ’. ಇಂಗ್ಲಿಷಿನಲ್ಲಿ ಇದನ್ನು ‘ಲ್ಯೂನಸಿ’ ಎಂದು ಕರೆದಿದ್ದಾರೆ. ಚೆಕ್ ಮಾತಿನಲ್ಲಿ ಈ ಪದಕ್ಕೆ ‘ಹುಚ್ಚು’ ಎಂಬ ಅರ್ಥವೂ ಇದೆ, ‘ಹುಚ್ಚರು’ ಎಂಬ ಅರ್ಥವೂ ಇದೆ. ರೋಗವನ್ನು ಹೇಳುತ್ತಿದೆಯೋ ರೋಗಿಗಳನ್ನು ಹೇಳುತ್ತಿದೆಯೋ ಎಂಬುದನ್ನು ಹೆಸರು ಬಿಟ್ಟುಕೊಡುವುದಿಲ್ಲ. ಚಿತ್ರವೂ ಬಿಟ್ಟುಕೊಡುವುದಿಲ್ಲ.

ಈ ಚಿತ್ರದ ಬೇರು ಪಾಶ್ಚಾತ್ಯರ ‘ಗಾಥಿಕ್’ ಕಥಾಸಾಹಿತ್ಯದಲ್ಲಿದೆ. ಪಾಳುಕೋಟೆ, ನೆಲಮಾಳಿಗೆ, ಮುಚ್ಚಿದ ಬಾಗಿಲು, ಹಳೆಯ ಪಾಪ, ರಾತ್ರಿಯ ಹೆಜ್ಜೆಸಪ್ಪಳ: ಇವು ಆ ಪ್ರಕಾರದ ಸಲಕರಣೆಗಳು. ಅದರ ಮೊದಲ ಕೃತಿ ಹೊರೇಸ್ ವಾಲ್ಪೋಲನ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’. 1764ರ ಕೊನೆಯಲ್ಲಿ ಅದು ಹೊರಬಂದಾಗ ಗ್ರಂಥಕರ್ತ ತನ್ನ ಹೆಸರನ್ನು ಹಾಕಲಿಲ್ಲ. ಇದು ಹಳೆಯ ಇಟಾಲಿಯನ್ ಪುಸ್ತಕವೊಂದರ ಅನುವಾದವೆಂದು ಸುಳ್ಳು ಹೇಳಿದ. ಮರುವರ್ಷ ಎರಡನೆಯ ಮುದ್ರಣ ಬಂದಾಗ ಧೈರ್ಯ ತಂದುಕೊಂಡು ಕೃತಿ ತನ್ನದೆಂದು ಒಪ್ಪಿಕೊಂಡ. ಆ ಮುದ್ರಣದ ಮುನ್ನುಡಿಯಲ್ಲಿ ಅವನು ಸಮರ್ಥಿಸಲು ಹೊರಟಿರುವುದೇನನ್ನು? ದೈತ್ಯಾಕಾರದ ಶಿರಸ್ತ್ರಾಣ ಬಿದ್ದು ರಾಜಕುಮಾರ ನುಜ್ಜುಗುಜ್ಜಾಗುವುದನ್ನಲ್ಲ. ಘೋರಪ್ರಸಂಗಗಳ ನಡುವೆ ಸೇವಕರು ಆಡುವ ನಗೆಮಾತನ್ನು! ಗಂಭೀರದ ನಡುವೆ ಹಾಸ್ಯ ಬೆರೆಯಕೂಡದೆಂಬ ವಾಲ್ಟೇರನ ಪಕ್ಷದ ವಿರುದ್ಧ ಅವನು ಷೇಕ್ಸ್‌ಪಿಯರನನ್ನು ಸಾಕ್ಷಿಗೆ ಕರೆಯುತ್ತಾನೆ. ಎಂದರೆ, ಭೀತಿಯ ಕಥೆ ಯೂರೋಪಿನಲ್ಲಿ ಹುಟ್ಟುವಾಗಲೇ ನಗೆಯ ಮೇಲಣ ವ್ಯಾಜ್ಯವನ್ನು ಬೆನ್ನಿಗೆ ಕಟ್ಟಿಕೊಂಡು ಹುಟ್ಟಿತು. ನಮ್ಮವರು ಬರೆದಿಟ್ಟ ಹಗೆತನ ಅವರಲ್ಲಿಯೂ ಇತ್ತು. ಅವರ ಕವಿಗಳು ಅದನ್ನು ಮೊದಲಿನಿಂದಲೂ ಮೀರಲೆಳಸಿದರು.

ಎಂಬತ್ತು ವರ್ಷಗಳ ಮೇಲೆ ಅಮೆರಿಕದ ಎಡ್ಗರ್ ಆಲನ್ ಪೋ ಈ ವ್ಯಾಜ್ಯವನ್ನು ಇನ್ನೂ ಮುಂದಕ್ಕೆ ಒಯ್ದ. ಪೋ ಎಂದೊಡನೆ ನಮಗೆ ನೆನಪಾಗುವುದು ಕಾಗೆ, ಗೋರಿ, ಗೋಡೆಯೊಳಗಿನ ಬೆಕ್ಕು. ಅವನು ಕುಚೋದ್ಯದಲ್ಲಿಯೂ ಗಟ್ಟಿಗನೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದು ಕಡಮೆ. 1844ರಲ್ಲಿ ಅವನು ಬರೆದ ‘ಅಕಾಲಸಮಾಧಿ’ಯ ಕಥೆಯಲ್ಲಿ, ಜೀವಂತವಾಗಿ ಹೂಳಲ್ಪಡುವ ಭಯದಿಂದ ನವೆದುಹೋದ ಮನುಷ್ಯನೊಬ್ಬ ಕತ್ತಲೆಯಲ್ಲಿ ಎಚ್ಚೆತ್ತು, ಶವಪೆಟ್ಟಿಗೆಯಲ್ಲಿದ್ದೇನೆಂದು ಕಿರುಚಿಕೊಳ್ಳುತ್ತಾನೆ. ಆದರೆ ಅವನು ಮಲಗಿದ್ದುದು ದೋಣಿಯೊಂದರ ಇಕ್ಕಟ್ಟಾದ ಮಲಗುಗೂಡಿನಲ್ಲಿ. ಎಚ್ಚರಿಸಲು ಬಂದ ಅಂಬಿಗರು ಅವನನ್ನು ಗದರಿಸುತ್ತಾರೆ. ಭಯರೋಗ ಅಲ್ಲಿಗೆ ವಾಸಿಯಾಗುತ್ತದೆ. 1845ರ ನವೆಂಬರಿನಲ್ಲಿ ಪ್ರಕಟವಾದ ಇನ್ನೊಂದು ಕಥೆ ‘ಡಾಕ್ಟರ್ ಟಾರ್ ಮತ್ತು ಪ್ರೊಫೆಸರ್ ಫೆದರ್ ಇವರ ಪದ್ಧತಿ’. ದಕ್ಷಿಣ ಫ್ರಾನ್ಸಿನ ಹುಚ್ಚಾಸ್ಪತ್ರೆಯೊಂದನ್ನು ನೋಡಲು ಬಂದ ಪ್ರಯಾಣಿಕನಿಗೆ ಅಲ್ಲಿಯ ಅಧಿಕಾರಿ ಭಾರಿ ಔತಣವನ್ನಿಡುತ್ತಾನೆ. ಊಟಕ್ಕೆ ಕುಳಿತವರಲ್ಲಿ ಒಬ್ಬೊಬ್ಬರು ಒಂದೊಂದು ರೋಗಿಯ ಕಥೆ ಹೇಳುತ್ತಾರೆ: ಒಬ್ಬ ತನ್ನನ್ನು ಚಹಾಪಾತ್ರೆಯೆಂದು ಬಗೆದಿದ್ದನಂತೆ, ಇನ್ನೊಬ್ಬ ಕತ್ತೆಯೆಂದು. ಹೇಳುತ್ತ ಹೇಳುತ್ತ ಅಭಿನಯಿಸಿಯೂ ತೋರಿಸುತ್ತಾರೆ. ಓದುಗನಿಗೆ ಬಹು ಬೇಗ ಹೊಳೆಯುತ್ತದೆ, ಇವರೇ ಆ ರೋಗಿಗಳೆಂದು. ಕಥೆ ಹೇಳುವವನಿಗೆ ಮಾತ್ರ ಹೊಳೆಯದು. ನಿಜವಾದ ಕಾವಲುಗಾರರನ್ನು ಹುಚ್ಚರು ಹಿಡಿದು, ಡಾಂಬರು ಬಳಿದು, ಗರಿ ಮೆತ್ತಿ, ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದಾರೆ. ‘ಟಾರ್’ ಎಂದರೆ ಡಾಂಬರು, ‘ಫೆದರ್’ ಎಂದರೆ ಗರಿ; ಕಥೆಯ ಹೆಸರಿನಲ್ಲಿಯೇ ಗುಟ್ಟು ಕುಳಿತಿದೆ. ಇಷ್ಟೆಲ್ಲ ನಡೆದ ಮೇಲೂ ಆ ಮಹಾನುಭಾವ ಈ ಇಬ್ಬರು ಪಂಡಿತರ ಗ್ರಂಥಗಳನ್ನು ಯೂರೋಪಿನ ಪುಸ್ತಕಭಂಡಾರಗಳಲ್ಲಿ ಹುಡುಕಿಸುತ್ತಿರುತ್ತಾನೆ.

ಶ್ವಾಂಕ್‌ಮಾಯರನ ಚಿತ್ರ ಈ ಎರಡು ಕಥೆಗಳನ್ನು ಹೆಣೆದು, ಅವುಗಳ ನಡುವೆ ಮಾರ್ಕ್ವಿ ದ ಸಾದ್ ಎಂಬ ಕುಪ್ರಸಿದ್ಧ ಫ್ರೆಂಚ್ ಲೇಖಕನನ್ನು ಪಾತ್ರವಾಗಿ ನಿಲ್ಲಿಸುತ್ತದೆ. ಈ ಸೇರ್ಪಡೆ ಹೊರಗಿನಿಂದ ತಂದು ಅಂಟಿಸಿದುದಲ್ಲ. ಸಾದ್ 1800ರಲ್ಲಿ ಕಾದಂಬರಿಯನ್ನು ಕುರಿತು ಬರೆದ ಪ್ರಬಂಧದಲ್ಲಿ, ಇಂಗ್ಲೆಂಡಿನ ಭೀತಿಕಥೆಗಳು ಯೂರೋಪನ್ನೆಲ್ಲ ನಡುಗಿಸಿದ ಕ್ರಾಂತಿಯ ಫಲವೆಂದು ಹೇಳಿದ್ದಾನೆ. ಬೀದಿಯಲ್ಲಿ ನಡೆದ ಘೋರವನ್ನು ಕಂಡವರನ್ನು ಬೆದರಿಸಬೇಕಾದರೆ ಕವಿ ನರಕವನ್ನೇ ಕರೆತರಬೇಕಾಯಿತೆಂಬುದು ಅವನ ಮತ. ಅವನ ಚಾರಿತ್ರ್ಯ ಹೇಗೇ ಇರಲಿ, ವಿಮರ್ಶಕನಾಗಿ ಅವನ ಕಣ್ಣು ಚುರುಕಾದುದು.

ನಿರ್ದೇಶಕನ ವಿಷಯವಾಗಿ ನಾಲ್ಕು ಮಾತು. ಶ್ವಾಂಕ್‌ಮಾಯರ್ 1934ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿದವನು. ಗೊಂಬೆಯಾಟದ ರಂಗಭೂಮಿಯನ್ನು ಶಾಸ್ತ್ರೋಕ್ತವಾಗಿ ಕಲಿತವನು. 1970ರಲ್ಲಿ ತನ್ನ ದೇಶದ ಸರ್ರಿಯಲಿಸ್ಟರ, ಎಂದರೆ ಅತಿವಾಸ್ತವತಾವಾದಿಗಳ, ಬಳಗವನ್ನು ಸೇರಿದವನು. ನಿರ್ಜೀವ ವಸ್ತುವನ್ನು ಕೂದಲೆಳೆಯಷ್ಟು ಸರಿಸಿ, ಒಂದೊಂದೇ ಚಿತ್ರ ಹಿಡಿದು, ಕೊನೆಗೆ ಅದಕ್ಕೆ ಜೀವ ಬಂದಂತೆ ತೋರಿಸುವ ಕಲೆಯಲ್ಲಿ ಅವನಿಗೆ ಸಮಾನರು ವಿರಳ. ಗಾಥಿಕ್ ಸಾಹಿತ್ಯದ ಮೇಲಣ ಅವನ ಮಮತೆಯೂ ಬಹುಕಾಲದ್ದು. ‘ಒಟ್ರಾಂಟೊ’ವನ್ನು ಕುರಿತೇ ಅವನದೊಂದು ಕಿರುಚಿತ್ರವಿದೆ. ವಾಲ್ಪೋಲನ ಕೋಟೆ ಇಟಲಿಯಲ್ಲಿದ್ದುದಲ್ಲ, ನಮ್ಮ ಬೊಹೀಮಿಯದಲ್ಲಿಯೇ ಇದ್ದುದು ಎಂದು ಸಂಶೋಧಕನೊಬ್ಬ ಮುಖ ಗಂಟಿಕ್ಕಿಕೊಂಡು ವಾದಿಸುವ ಸುಳ್ಳು ವಾರ್ತಾಚಿತ್ರ ಅದು. 1973ರಲ್ಲಿ ತೊಡಗಿದ ಚಿತ್ರ ಅಧಿಕಾರಿಗಳ ಅಡ್ಡಿಯಿಂದ ಮುಗಿದುದು 1979ರಲ್ಲಿ; ನಡುವಣ ವರ್ಷಗಳಲ್ಲಿ ಅವನಿಗೆ ಚಿತ್ರ ತೆಗೆಯಲು ಅವಕಾಶವೇ ಇರಲಿಲ್ಲ. (ನಮ್ಮ ಕವಿಗಳ ಕಾಲದೇಶಗಳ ಚರ್ಚೆಯನ್ನು ಬಲ್ಲವರು ಆ ಸಂಶೋಧಕನನ್ನು ಕಂಡರೆ ಸ್ವಲ್ಪ ಹೆಚ್ಚಾಗಿಯೇ ನಕ್ಕಾರು.) ಅನಂತರ ಪೋ ಕಥೆಗಳೆರಡನ್ನು ಅವನು ಚಿತ್ರಿಸಿದ. 1983ರ ಚಿತ್ರದಲ್ಲಿ ಮತವಿಚಾರಣೆಯ ಸೆರೆಮನೆಯಿಂದ ಪಾರಾದ ಬಂದಿ, ಬಯಲಿನ ಬೆಳಕು ಕಂಡೊಡನೆ, ತನ್ನನ್ನು ಹಿಂಸಿಸಿದ ಸಂನ್ಯಾಸಿಯ ತೋಳುಗಳಿಗೇ ಹೋಗಿ ಬೀಳುತ್ತಾನೆ. ಈ ಮುಕ್ತಾಯ ಪೋನದಲ್ಲ. ವಿಲಿಯೆ ದ ಲಿಲ್‌ಅದಾನ್ ಎಂಬ ಫ್ರೆಂಚ್ ಕಥೆಗಾರನದು. ಆಸೆಯೇ ಕೊನೆಯ ಚಿತ್ರಹಿಂಸೆಯೆಂಬ ಆ ಎಳೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಇನ್ನು ‘ಶೀಲೆನೀ’ಯ ಕಥೆ. ಜಾನ್ ಬೆರ್ಲೋ ಎಂಬ ಯುವಕ. ಅವನ ತಾಯಿ ಶಾರಾಂತಾನಿನ ಹುಚ್ಚಾಸ್ಪತ್ರೆಯಲ್ಲಿ ಸತ್ತಿದ್ದಾಳೆ. ರಾತ್ರಿಯಾದರೆ ಅವನಿಗೆ ಒಂದೇ ಕನಸು: ತೋಳು ಬಿಗಿಯುವ ಹುಚ್ಚರ ಅಂಗಿಯನ್ನು ಹಿಡಿದು ಇಬ್ಬರು ಆಳುಗಳು ಅವನನ್ನು ಕೊಂಡೊಯ್ಯಲು ಬರುತ್ತಾರೆ. ಛತ್ರವೊಂದರಲ್ಲಿ ತಂಗಿದ್ದಾಗ ಈ ಕನಸು ಕಂಡು, ಬೊಬ್ಬಿಟ್ಟು, ಕೋಣೆಯನ್ನೆಲ್ಲ ಧ್ವಂಸಮಾಡುತ್ತಾನೆ. ಅಲ್ಲಿಯೇ ಇಳಿದಿದ್ದ ಮಾರ್ಕ್ವಿ ಆ ನಷ್ಟವನ್ನು ತುಂಬಿಕೊಟ್ಟು ಅವನನ್ನು ತನ್ನ ಸಾರೋಟಿನಲ್ಲಿ ಕರೆದೊಯ್ಯುತ್ತಾನೆ. ಮಾರ್ಕ್ವಿಯ ಉಡುಪು ಎರಡು ಶತಮಾನಗಳ ಹಿಂದಿನದು. ಆದರೆ ಸಾರೋಟು ಸಾಗುವ ದಾರಿಯಲ್ಲಿ ಇಂದಿನ ಮೋಟಾರು ವಾಹನಗಳು ಓಡಾಡುತ್ತಿವೆ. ಯಾರೂ ಇದನ್ನು ವಿಚಿತ್ರವೆಂದು ಎಣಿಸುವುದಿಲ್ಲ, ಯಾರೂ ವಿವರಿಸುವುದೂ ಇಲ್ಲ.

ಮಾರ್ಕ್ವಿಯ ಮನೆಯಲ್ಲಿ ಜಾನ್ ದೈವದೂಷಣೆಯ ಒಂದು ಭೀಕರ ವಿಧಿಯನ್ನು ಕದ್ದು ನೋಡುತ್ತಾನೆ. ಮರುದಿನ ಮಾರ್ಕ್ವಿ ಇದ್ದಕ್ಕಿದ್ದಂತೆ ಉಸಿರುಕಟ್ಟಿ ಸತ್ತವನಂತೆ ಬೀಳುತ್ತಾನೆ. ಜಾನನೂ ಸೇವಕನೂ ಸೇರಿ ಅವನನ್ನು ನೆಲಮಾಳಿಗೆಯ ಸಮಾಧಿಯಲ್ಲಿ ಇರಿಸುತ್ತಾರೆ. ಅವನು ಅಲ್ಲಿಂದ ಎದ್ದುಬರುತ್ತಾನೆ. ಇದೆಲ್ಲ ತನ್ನ ಭಯಕ್ಕೆ ತಾನೇ ಮಾಡಿಕೊಂಡ ಚಿಕಿತ್ಸೆಯೆಂಬುದು ಅವನ ವಿವರಣೆ. ಭಯವನ್ನು ಭಯದಿಂದಲೇ ತೊಳೆಯಬೇಕು; ನಿನ್ನ ಕನಸಿಗೂ ಇದೇ ಮದ್ದು ಎಂದು ಹೇಳಿ, ಜಾನನನ್ನು ತನ್ನ ಗೆಳೆಯ ಡಾಕ್ಟರ್ ಮುರ್ಲೋಪ್ ನಡೆಸುವ ಹುಚ್ಚಾಸ್ಪತ್ರೆಗೆ ಒಪ್ಪಿಸುತ್ತಾನೆ. ಅಲ್ಲಿ ರೋಗಿಗಳಿಗೆ ಯಾವ ಕಟ್ಟೂ ಇಲ್ಲ. ಎಲ್ಲೆಲ್ಲಿಯೂ ಕೋಳಿಗಳು, ಕೋಳಿಪುಕ್ಕಗಳು. ಫ್ರೆಂಚ್ ಚಿತ್ರಕಾರ ದೆಲಾಕ್ರ್ವಾ 1830ರಲ್ಲಿ ಬರೆದ ಸ್ವಾತಂತ್ರ್ಯದೇವಿಯ ಪಟವನ್ನು ಹುಚ್ಚರು ಜೀವಂತ ದೃಶ್ಯವಾಗಿ ಅಭಿನಯಿಸುತ್ತಾರೆ. ಶಾರ್ಲೋಟ ಎಂಬ ದಾದಿ ಜಾನನ ಕಿವಿಯಲ್ಲಿ ಗುಟ್ಟನ್ನು ಹೇಳುತ್ತಾಳೆ: ಇವರೇ ಹುಚ್ಚರು, ನಿಜವಾದ ವೈದ್ಯನೂ ಆಳುಗಳೂ ಡಾಂಬರು-ಗರಿಗಳಲ್ಲಿ ಮುಳುಗಿ ನೆಲಮಾಳಿಗೆಯಲ್ಲಿದ್ದಾರೆ. ಪೋನನ್ನು ಓದಿದವರಿಗೆ ಗುಟ್ಟು ಮೊದಲೇ ತಿಳಿದಿದೆ. ನಿರ್ದೇಶಕನಿಗೂ ನಮಗೆ ತಿಳಿದಿದೆಯೆಂಬುದು ತಿಳಿದಿದೆ. ಅವನ ಆಟ ತೊಡಗುವುದು ಪೋ ನಿಲ್ಲಿಸಿದ ಕಡೆಯಲ್ಲಿ.

ಪೋನ ಕಥೆಯಲ್ಲಿ ಕಾವಲುಗಾರರು ಕಿಟಕಿ ಒಡೆದು ನುಗ್ಗಿದ ಮೇಲೆ ಅವ್ಯವಸ್ಥೆ ಕೊನೆಗೊಳ್ಳುತ್ತದೆ. ಹಿಂದಿದ್ದ ಸಾಂತ್ವನದ ಪದ್ಧತಿಯೇ ಕೆಲವು ತಿದ್ದುಪಡಿಗಳೊಡನೆ ಮರಳಿ ಜಾರಿಗೆ ಬರುತ್ತದೆ. ಕಥೆ ನಕ್ಕು ಮುಗಿಯುತ್ತದೆ, ಓದುಗ ಮನೆಗೆ ಹೋಗಬಹುದು. ಶ್ವಾಂಕ್‌ಮಾಯರ್ ಈ ಬಾಗಿಲನ್ನು ಮುಚ್ಚಿಬಿಟ್ಟಿದ್ದಾನೆ. ಜಾನ್ ನೆಲಮಾಳಿಗೆಯನ್ನು ತೆರೆದು ಡಾಕ್ಟರ್ ಕುಲ್ಮಿಯೇರನನ್ನೂ ಅವನ ಆಳುಗಳನ್ನೂ ಬಿಡಿಸುತ್ತಾನೆ. ಬಿಡುಗಡೆ ಹೊಂದಿದ ವ್ಯವಸ್ಥೆ ಮೈ ತೊಳೆದುಕೊಂಡು, ಉಡುಪು ತೊಟ್ಟು, ಶಾಂತವಾಗಿ ಕೆಲಸಕ್ಕೆ ತೊಡಗುತ್ತದೆ. ದೇಹಕ್ಕೂ ಮನಸ್ಸಿಗೂ ಸಮತೂಕ ತಪ್ಪಿದುದೇ ಹುಚ್ಚು; ಕೆರಳಿದ ಮನಸ್ಸನ್ನು ಇಳಿಸಲು ದೇಹವನ್ನು ದಂಡಿಸಬೇಕು; ದಂಡನೆಗೆ ಮೆಟ್ಟಿಲುಗಳಿವೆ. ಕುಲ್ಮಿಯೇರ್ ಇದನ್ನು ಹೇಳುವ ದನಿ ಒಬ್ಬ ಒಳ್ಳೆಯ ಅಧ್ಯಾಪಕನ ದನಿ. ಚಿತ್ರದಲ್ಲಿ ನನ್ನನ್ನು ನಿಜವಾಗಿ ಹೆದರಿಸಿದುದು ಮಾರ್ಕ್ವಿಯ ಅಟ್ಟಹಾಸವಲ್ಲ, ಈ ದನಿ.

ಇಲ್ಲಿ ಚರಿತ್ರೆಯ ಒಂದು ಸಂಗತಿ ಹೇಳದೆ ಮುಂದುವರಿಯುವಂತಿಲ್ಲ. ಸಾದ್ ತನ್ನ ಕೊನೆಯ ಕಾಲವನ್ನು, 1803ರಿಂದ 1814ರಲ್ಲಿ ಸಾಯುವವರೆಗೆ, ಶಾರಾಂತಾನಿನಲ್ಲಿಯೇ ಕಳೆದ. ಆಗ ಆ ಸಂಸ್ಥೆಯ ಮುಖ್ಯಾಧಿಕಾರಿಯ ಹೆಸರು ಕುಲ್ಮಿಯೇ. ಆತ ಉದಾರಿ. ಸಾದ್ ರೋಗಿಗಳನ್ನು ಕಟ್ಟಿಕೊಂಡು ನಾಟಕವಾಡಿಸಲು ಅನುಮತಿ ಕೊಟ್ಟವನೇ ಆತ. ಪ್ಯಾರಿಸಿನ ದೊಡ್ಡಮನುಷ್ಯರು ನೋಡಲು ಬರುತ್ತಿದ್ದರು. ಆಸ್ಪತ್ರೆಯ ವೈದ್ಯ ರ್ವಾಯೇ-ಕೊಲ್ಲಾರ್ ಇದನ್ನು ವಿರೋಧಿಸಿದ. 1813ರಲ್ಲಿ ನಾಟಕಗಳು ನಿಂತವು. ಪೀಟರ್ ವೈಸನ ಪ್ರಸಿದ್ಧ ನಾಟಕ ‘ಮಾರಾ-ಸಾದ್’, 1964ರಲ್ಲಿ ಬರ್ಲಿನಿನ ರಂಗವನ್ನೇರಿದುದು, ಇದೇ ಸಂಗತಿಯ ಮೇಲೆ ನಿಂತಿದೆ. ಶ್ವಾಂಕ್‌ಮಾಯರ್ ತನ್ನ ಚಿತ್ರದಲ್ಲಿ ಆ ಉದಾರಿಯ ಹೆಸರನ್ನು ದಂಡಧರನಿಗೆ ಇಟ್ಟಿದ್ದಾನೆ. ಅಜ್ಞಾನದಿಂದ ಹಾಗೆ ಮಾಡಿದನೆನ್ನುವಂತಿಲ್ಲ. ಸಾದನ ಜೀವನವನ್ನು ಅರಿಯದವನು ಈ ಚಿತ್ರವನ್ನು ತೆಗೆಯುತ್ತಿರಲಿಲ್ಲ. ನಿನ್ನೆಯ ದಯಾಳುವಿನ ಹೆಸರನ್ನು ಇಂದಿನ ಕ್ರೂರಿ ಧರಿಸಿಕೊಂಡು ಬರಬಹುದೆಂಬುದು 1968ರ ಆಗಸ್ಟಿನಲ್ಲಿ ‘ಸೋದರ ರಾಷ್ಟ್ರ’ಗಳ ಟ್ಯಾಂಕುಗಳು ತನ್ನ ಊರಿನ ಬೀದಿಗೆ ಬಂದುದನ್ನು ಕಂಡ ತಲೆಮಾರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹಾಸ್ಯಕ್ಕೂ ಭಯಾನಕಕ್ಕೂ ಹಗೆತನವಿದೆ. ಆದರೂ ಈ ಚಿತ್ರದಲ್ಲಿ ಎರಡೂ ಉಳಿದಿವೆ. ಹೇಗೆ? ನಮ್ಮ ಶಾಸ್ತ್ರವೇ ಒಂದು ಉಪಾಯವನ್ನು ಹೇಳಿದೆ. ಆನಂದವರ್ಧನ ‘ಧ್ವನ್ಯಾಲೋಕ’ದ ಮೂರನೆಯ ಉದ್ಯೋತದಲ್ಲಿ, ವಿರುದ್ಧವಾದ ಎರಡು ರಸಗಳನ್ನು ಒಂದೆಡೆ ತರಲೇಬೇಕಾದರೆ ಅವುಗಳ ನಡುವೆ ಇನ್ನೊಂದು ರಸವನ್ನು ಇರಿಸಬೇಕೆನ್ನುತ್ತಾನೆ. ‘ನಾಗಾನಂದ’ದಲ್ಲಿ ಶಾಂತಕ್ಕೂ ಶೃಂಗಾರಕ್ಕೂ ನಡುವೆ ಅದ್ಭುತ ಬಂದು ಜಗಳ ಬಿಡಿಸುತ್ತದೆ. ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿದ ನಮ್ಮ ವಿದ್ಯಾರ್ಥಿಗಳಿಗೆ ಈ ಬಗೆಯ ವಿಚಾರ ಹೊಸದಲ್ಲ.

ಶ್ವಾಂಕ್‌ಮಾಯರ್ ಧ್ವನ್ಯಾಲೋಕವನ್ನು ಓದಿದ್ದಾನೆಂದು ನಾನು ಹೇಳಹೊರಟಿಲ್ಲ. ಆದರೆ ಅವನು ಮಾಡಿರುವುದು ಸರಿಯಾಗಿ ಇದನ್ನೇ. ಚಿತ್ರದ ಉದ್ದಕ್ಕೂ, ಒಂದು ದೃಶ್ಯಕ್ಕೂ ಇನ್ನೊಂದಕ್ಕೂ ನಡುವೆ, ಕಥೆಗೆ ಸಂಬಂಧವೇ ಇಲ್ಲದಂತೆ, ಹಸಿಮಾಂಸ ನಡೆದಾಡುತ್ತದೆ. ಕಟುಕನ ಅಂಗಡಿಯ ಮಾಂಸ! ನಾಲಗೆಗಳು ತೆವಳುತ್ತವೆ, ಕಣ್ಣುಗುಡ್ಡೆಗಳು ಉರುಳುತ್ತವೆ, ಮಾಂಸದ ತುಂಡುಗಳು ಕುಣಿಯುತ್ತವೆ, ಒಂದನ್ನೊಂದು ತಬ್ಬುತ್ತವೆ. ಹಿನ್ನೆಲೆಯಲ್ಲಿ ಜಾತ್ರೆಯ ವಾದ್ಯಪೆಟ್ಟಿಗೆಯಂಥ ಲವಲವಿಕೆಯ ರಾಗ. ಇದು ಶುದ್ಧ ಬೀಭತ್ಸ. ಭರತನ ವಿಂಗಡಣೆಯಲ್ಲಿ ನೆತ್ತರು-ಕರುಳುಗಳಿಂದ ಹುಟ್ಟುವ ‘ಕ್ಷೋಭಜ’ವೆಂಬ ಬಗೆ. ಮೊದಲ ಸಲ ಕಂಡಾಗ ಹೇಸುತ್ತೇವೆ. ಮೂರನೆಯ ಸಲ ನಗು ಬರುತ್ತದೆ: ಆ ನಾಲಗೆಗಳಿಗೆ ಏನೋ ಅವಸರದ ಕೆಲಸವಿರುವಂತೆ ಕಾಣುತ್ತದೆ. ಆರನೆಯ ಸಲಕ್ಕೆ ಭಯ ತೊಡಗುತ್ತದೆ. ಏಕೆಂದರೆ ಅಷ್ಟು ಹೊತ್ತಿಗೆ ಮನುಷ್ಯರ ದೃಶ್ಯಗಳಲ್ಲಿ ಮಾಂಸಕ್ಕೆ ಏನಾಗುತ್ತಿದೆಯೆಂಬುದು ನಮಗೆ ಗೊತ್ತಾಗಿರುತ್ತದೆ. ನಗೆ ಒಂದು ದಡ, ಭೀತಿ ಇನ್ನೊಂದು ದಡ. ನಡುವೆ ಜುಗುಪ್ಸೆಯ ಸೇತುವೆ. ಭರತಮುನಿ ಶೃಂಗಾರದಿಂದ ಹಾಸ್ಯವೂ ಬೀಭತ್ಸದಿಂದ ಭಯಾನಕವೂ ಹುಟ್ಟುವುವೆಂದು ಹೇಳಿದ ಮಾತನ್ನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಹಾಸ್ಯದ ಉತ್ಪತ್ತಿಗೆ ನಿದರ್ಶನ ಕೇಳಿದರೆ ನಾಟಕಗಳ ವಿದೂಷಕರಿದ್ದರು. ಭಯಾನಕದ ಉತ್ಪತ್ತಿಗೆ ಇಷ್ಟು ನೇರವಾದ ನಿದರ್ಶನ ದೊರಕಿದುದು ಪ್ರಾಗಿನ ಗೊಂಬೆಯಾಟದವನಿಂದ.

ಇದು ಕಲೆಯೇ ಅಲ್ಲ, ಹೇಸಿಗೆ ಎನ್ನುವವರಿದ್ದಾರೆ. ತಮಾಷೆಯೆಂದರೆ ನಿರ್ದೇಶಕನೂ ಹಾಗೆಯೇ ಹೇಳುತ್ತಾನೆ. ಚಿತ್ರದ ಆರಂಭದಲ್ಲಿ ಅವನೇ ತೆರೆಯ ಮೇಲೆ ಬಂದು, ನಮ್ಮ ಯಕ್ಷಗಾನದ ಭಾಗವತನಂತೆ ಪ್ರಸ್ತಾವನೆ ಮಾಡುತ್ತಾನೆ. ನೀವು ನೋಡಲಿರುವುದು ಭೀತಿಯ ಚಿತ್ರ, ಕಲಾಕೃತಿಯಲ್ಲ, ಪೋ ಮತ್ತು ಸಾದ್ ಇವರಿಗೆ ನಾನು ಸಲ್ಲಿಸುವ ಬಾಲಿಶವಾದ ಕಾಣಿಕೆ ಎಂಬುದು ಮಾತಿನ ತಾತ್ಪರ್ಯ. ಹುಚ್ಚಾಸ್ಪತ್ರೆಯನ್ನು ನಡೆಸಲು ಎರಡು ಹಾದಿಗಳಿವೆ, ಒಂದು ಪೂರ್ಣ ಸ್ವಾತಂತ್ರ್ಯ, ಇನ್ನೊಂದು ಹತೋಟಿ ಮತ್ತು ಶಿಕ್ಷೆ. ಇವೆರಡರ ಕೆಡುಕನ್ನು ಮಾತ್ರ ಕೂಡಿಸಿಕೊಂಡ ಮೂರನೆಯದೂ ಉಂಟು, ಅದು ನಾವು ಇಂದು ಬಾಳುತ್ತಿರುವ ಹುಚ್ಚಾಸ್ಪತ್ರೆ ಎನ್ನುತ್ತಾನೆ. ಮಾತನಾಡುತ್ತಿರುವಾಗಲೇ ಅವನ ಕಾಲ ಬಳಿ ಒಂದು ನಾಲಗೆ ತೆವಳಿಹೋಗುತ್ತದೆ.

ಈ ಪ್ರಸ್ತಾವನೆಯನ್ನು ಹೊಗಳುವವರು ಬಹಳ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಕವಿ ತನ್ನ ಕಾವ್ಯದ ಅರ್ಥವನ್ನು ಬಾಗಿಲಲ್ಲಿಯೇ ಕೈಗೆ ಕೊಟ್ಟರೆ ಸಹೃದಯನಿಗೆ ಕೆಲಸವೇನು? ಅದಕ್ಕಿಂತ ಮುಖ್ಯವಾದ ದೋಷ ಇನ್ನೊಂದು. ಪ್ರಸ್ತಾವನೆ ಎರಡು ಪದ್ಧತಿಗಳನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟಂತೆ ಮಾತನಾಡುತ್ತದೆ. ಚಿತ್ರ ತೋರಿಸುವುದು ಬೇರೆಯೇ. ಮಾರ್ಕ್ವಿಯದು ‘ಪೂರ್ಣ ಸ್ವಾತಂತ್ರ್ಯ’ವೆ? ಅವನ ಸೇವಕ ಡೊಮಿನಿಕನನ್ನು ನೋಡಿ. ಅವನ ಬಾಯಲ್ಲಿ ನಾಲಗೆಯಿಲ್ಲ. ದೇವರನ್ನೇ ಎದುರಿಟ್ಟು ಗಂಟೆಗಟ್ಟಲೆ ವಾದಿಸುವ ಒಡೆಯ, ಒಂದು ಮಾತನ್ನೂ ಆಡಲಾರದ ಆಳು: ಸ್ವಾತಂತ್ರ್ಯದ ಮನೆಯಲ್ಲಿ ಕಾಣುವ ವ್ಯವಸ್ಥೆ ಇದು. ತೆರೆಯ ಮೇಲೆ ಆಗಾಗ ತೆವಳುವ ಒಡೆಯನಿಲ್ಲದ ನಾಲಗೆಗಳನ್ನು ಇವನ ಬಾಯೊಡನೆ ಕೂಡಿಸಿ ನೋಡಿದರೆ ಹುಚ್ಚಾಟವೆಂದು ಕಂಡುದು ಹುಚ್ಚಾಟವಾಗಿ ಉಳಿಯುವುದಿಲ್ಲ. ಮುರ್ಲೋಪನ ಆಸ್ಪತ್ರೆಯಲ್ಲಿಯೂ ಸ್ವಾತಂತ್ರ್ಯದೇವಿಯ ವೇಷ ಹಾಕಬೇಕಾದ ಹೆಣ್ಣಿಗೆ ವೇಷ ಬೇಕೋ ಬೇಡವೋ ಎಂದು ಕೇಳಿದವರಿಲ್ಲ. ಅತ್ತ ಕುಲ್ಮಿಯೇರನ ಪದ್ಧತಿಯಲ್ಲಿ ಯಾರೂ ಯಾರನ್ನೂ ಕೇಳುವ ಪ್ರಸಕ್ತಿಯೇ ಇಲ್ಲ. ಆದುದರಿಂದ ಚಿತ್ರದಲ್ಲಿರುವುದು ಸ್ವಾತಂತ್ರ್ಯಕ್ಕೂ ದಂಡನೆಗೂ ನಡೆದ ವಾದವಲ್ಲ. ಇಬ್ಬರು ಒಡೆಯರ ನಡುವೆ ಆಳುಗಳ ಮೈ ಕೈಬದಲಾಯಿಸಿದ ಕಥೆ. ಚಿತ್ರ ಅದರ ನಿರ್ದೇಶಕನಿಗಿಂತ ಹೆಚ್ಚು ತಿಳಿದಿದೆ. ಕವಿಗಿಂತ ಕಾವ್ಯ ಜಾಣವಾಗುವುದು ಅಪೂರ್ವವೇನೂ ಅಲ್ಲ.

ಹಾಗಾದರೆ ದೈವದೂಷಣೆಯ ಆ ದೃಶ್ಯ? ಅದನ್ನು ನೋಡಿ ನೋಯುವ ಶ್ರದ್ಧಾವಂತರ ನೋವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಶಿಲುಬೆಯ ಮೇಲಣ ವಿಗ್ರಹಕ್ಕೆ ಮೊಳೆಯ ಮೇಲೆ ಮೊಳೆ ಹೊಡೆಯುವುದನ್ನು ಯಾವ ಮತದವನೂ ನಿರ್ಲಿಪ್ತನಾಗಿ ನೋಡಲಾರ. ಚಿತ್ರ ಎಲ್ಲರಿಗಲ್ಲ, ಮಕ್ಕಳಿಗಂತೂ ಅಲ್ಲವೇ ಅಲ್ಲ. ಆದರೆ ಒಂದು ಮಾತನ್ನು ಗಮನಿಸಬೇಕು. ಆ ದೃಶ್ಯವನ್ನು ನಾವು ಕಾಣುವುದು ಹೊರಗೆ ಅಡಗಿ ನಿಂತು ನಡುಗುತ್ತಿರುವ ಜಾನನೊಡನೆ. ನಿರ್ದೇಶಕ ನಮ್ಮನ್ನು ಮಾರ್ಕ್ವಿಯ ಪಕ್ಕದಲ್ಲಿ ಕೂರಿಸಿಲ್ಲ. ಮಾರ್ಕ್ವಿಯ ವಾದಗಳಿಗೆ ಬಲವಿದೆ. ನಟ ಯಾನ್ ತ್ರಿಸ್ಕ ಆ ಪಾತ್ರಕ್ಕೆ ಕೊಟ್ಟಿರುವ ತೇಜಸ್ಸು ಸಾಮಾನ್ಯವಾದುದಲ್ಲ. ಆದರೂ ನಮ್ಮ ಕಣ್ಣು ಕೊನೆಯವರೆಗೂ ಆ ಅಂಜುಬುರುಕ ಹುಡುಗನ ಕಣ್ಣೇ.

ನನಗೆ ಚಿತ್ರದ ಜೀವಾಳವಾಗಿ ಕಾಣುವುದು ಈ ಹುಡುಗನೇ. ಪಾವೆಲ್ ಲಿಷ್ಕ ಎಂಬ ನಟ ಅವನನ್ನು ಬಡಕಲಾಗಿ, ಸದಾ ಕ್ಷಮೆ ಕೇಳುವವನಂತೆ ಅಭಿನಯಿಸಿದ್ದಾನೆ. ಪೋನ ಪ್ರಯಾಣಿಕ ಮೂರ್ಖ. ಅವನ ಮೌಢ್ಯಕ್ಕೆ ನಕ್ಕು ನಾವು ಜಾಣರೆಂದುಕೊಳ್ಳಬಹುದು. ಜಾನ್ ಮೂರ್ಖನಲ್ಲ. ಸೆರೆಯಲ್ಲಿರುವವರು ಇದ್ದಾರೆಂದು ತಿಳಿದಾಗ ಬಾಗಿಲು ತೆರೆಯಬೇಕೆಂದು ಅವನಿಗೆ ತೋರುತ್ತದೆ. ನಮಗೂ ತೋರುತ್ತದೆ. ಅವನ ಜಾಗದಲ್ಲಿದ್ದರೆ ನಾವೂ ಅದನ್ನೇ ಮಾಡುತ್ತಿದ್ದೆವು, ಮಾಡದಿದ್ದರೆ ಮನುಷ್ಯರೆನ್ನಿಸಿಕೊಳ್ಳುತ್ತಿರಲಿಲ್ಲ. ಶಾರ್ಲೋಟಳ ಮೇಲಣ ಮೋಹವೂ ಅದರಲ್ಲಿ ಬೆರೆತಿದೆ, ನಿಜ. ಬೆರೆಯದ ದಯೆಯನ್ನು ಎಲ್ಲಿಂದ ತರೋಣ? ಅವನು ತೆರೆದ ಬಾಗಿಲಿನಿಂದ ಹೊರಬಂದವರು ಅವನ ಕನಸಿನ ಆಳುಗಳೇ. ಶಾರ್ಲೋಟ ಅವನು ಬಗೆದಂತೆ ನಿಷ್ಕಪಟಿಯಲ್ಲವೆಂದು ತಿಳಿಯುವಾಗ ಕಾಲ ಮಿಂಚಿರುತ್ತದೆ. ರಾತ್ರಿ ಮತ್ತೆ ಕನಸು, ಮತ್ತೆ ಬೊಬ್ಬೆ. ಈ ಸಲ ಅಂಗಿ ಹಿಡಿದು ಬಂದವರು ನಿಜವಾಗಿಯೂ ಇದ್ದಾರೆ, ಅವರಿಗೆ ವೈದ್ಯನ ಅಪ್ಪಣೆಯೂ ಇದೆ. ಇಲ್ಲಿ ನಾನು ನಕ್ಕೆ. ನಕ್ಕೆನೆಂಬುದೇ ನನ್ನನ್ನು ಬಹಳ ದಿನ ಕಾಡಿತು. ಅಷ್ಟು ಲೆಕ್ಕಾಚಾರವಾಗಿ, ಗಡಿಯಾರದ ಗೊಂಬೆ ಬಂದು ಗಂಟೆ ಹೊಡೆದಂತೆ, ಕನಸು ನನಸಾಗುವಾಗ ನಗು ತಾನಾಗಿ ಬರುತ್ತದೆ. ಬಂದ ನಗು ಗಂಟಲಲ್ಲಿಯೇ ನಿಲ್ಲುತ್ತದೆ. ಸ್ಮಿತದಿಂದ ಅತಿಹಸಿತದವರೆಗೆ ನಗೆಯಲ್ಲಿ ಆರು ಬಗೆಗಳನ್ನು ಎಣಿಸಿದ ನಮ್ಮವರ ಪಟ್ಟಿಯಲ್ಲಿ ಈ ನಗೆಗೆ ಜಾಗವಿಲ್ಲ.

ವಿಶ್ವನಾಥ ಹೇಳಿದ ಇನ್ನೊಂದು ಹಗೆಯನ್ನು, ಕರುಣವನ್ನು, ನಾನು ಇಷ್ಟು ಹೊತ್ತು ಬದಿಗಿಟ್ಟಿದ್ದೆ. ಅದೂ ಇಲ್ಲಿದೆಯೆಂದು ನನಗನ್ನಿಸುತ್ತದೆ; ಚಿತ್ರವನ್ನು ಬರಿಯ ಕುಚೋದ್ಯವೆನ್ನುವವರು ಇದನ್ನು ಕಾಣದೆ ಹೋಗಿದ್ದಾರೆ. ಕರುಣ ಇಲ್ಲಿ ಯಾರ ಕಣ್ಣೀರಾಗಿಯೂ ಹರಿಯುವುದಿಲ್ಲ. ಜಾನನ ತಾಯಿಯನ್ನು ನಾವು ಕಾಣುವುದಿಲ್ಲ. ಅವಳು ಶಾರಾಂತಾನಿನಲ್ಲಿ ಹೇಗೆ ಬಾಳಿದಳು, ಯಾವ ಪದ್ಧತಿಯ ಕೈಯಲ್ಲಿ ಸತ್ತಳು ಎಂದು ಯಾರೂ ಹೇಳುವುದಿಲ್ಲ. ಮಗ ಅವಳ ಬಳಿಗೆ ಬಂದುದು ಅವಳು ಸತ್ತ ಮೇಲೆ. ಕುಲ್ಮಿಯೇರ್ ತನ್ನ ಚಿಕಿತ್ಸೆಯ ಮೆಟ್ಟಿಲುಗಳನ್ನು ವಿವರಿಸುತ್ತಿರುವಾಗ ಅವಳ ನೆನಪು ಪ್ರೇಕ್ಷಕನಿಗೆ ಬಾರದಿರದು.

ಕೊನೆಯ ದೃಶ್ಯದಲ್ಲಿ ಮನುಷ್ಯರಿಲ್ಲ. ಇಂದಿನ ದೊಡ್ಡ ಅಂಗಡಿಯ ತಣ್ಣನೆಯ ಕಪಾಟು. ಒಪ್ಪವಾಗಿ ಜೋಡಿಸಿದ ಪೊಟ್ಟಣಗಳು. ಪಾರದರ್ಶಕ ಹಾಳೆಯಡಿಯಲ್ಲಿ ಬಿಗಿದು ಸುತ್ತಿದ ಮಾಂಸ. ಇಷ್ಟು ಹೊತ್ತು ಕುಣಿದ, ತೆವಳಿದ, ತಬ್ಬಿದ ಮಾಂಸವೇ ಅದು. ಹಾಳೆ ಮೆಲ್ಲಗೆ ಏಳುತ್ತದೆ, ಇಳಿಯುತ್ತದೆ, ಒಳಗೆ ಉಸಿರಾಡುತ್ತಿದೆ.